ಲಕ್ಕಮ್ಮನ ಆರು ಪಾತ್ರೆಗಳು

ಲಕ್ಕಮ್ಮನ ದನಿ ಕೇಳಿದರೆ ಸಾಕು, ಅಶ್ವತ್ಥಮ್ಮನವರ ಮೂಗು ತಾನಾಗಿಯೇ ಸೊಟ್ಟಗಾಗುತ್ತಿತ್ತು. ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ರಿಟೈರಾದವರು ಅವರು. ಮದುವೆಯ ಗೋಜಿಗೆ ಹೋದವರಲ್ಲ, ಯಾರ ಹಂಗಿನಲ್ಲೂ ಬದುಕಿದವರಲ್ಲ. ಅಂಥವರಿಗೆ ವಠಾರದಲ್ಲಿ ಎದುರುಮನೆಯವಳಾಗಿ ಸಿಕ್ಕಿದ್ದು ಯಾರು? ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿಕೊಂಡಿದ್ದ ಮಾಜಿ ಆಯಾ. ಗಂಡ ಹೋದ ಮೇಲೆ ಹಿಂದೆ ಮುಂದೆ ಯಾರೂ ಇಲ್ಲ. ಬಾಯಿ ಅಂದರೆ ಬೊಂಬಾಯಿ.

ಅಶ್ವತ್ಥಮ್ಮನವರಿಗೆ ಮೂರು ತಿಂಗಳಿಂದ ಏನೋ ಆಗಿತ್ತು. ಎಚ್ಚರವಾದರೆ, ಅಯ್ಯೋ ಮತ್ತೆ ಬೆಳಗಾಯಿತಲ್ಲ ಎನ್ನಿಸುತ್ತಿತ್ತು. ಯಾರೂ ಸತ್ತಿರಲಿಲ್ಲ, ಕಾಯಿಲೆಯಿರಲಿಲ್ಲ, ಪೆನ್ಷನ್ ನಿಂತಿರಲಿಲ್ಲ. ಲೆಕ್ಕದ ದಾರಿ ತೋರಿಸದೆ ಬರೀ ಉತ್ತರ ಬರೆದ ಹುಡುಗರಿಗೆ ಸೊನ್ನೆ ಸುತ್ತಿದವರು, ಕಾರಣ ತೋರಿಸದ ತಮ್ಮ ದುಃಖಕ್ಕೂ ಸೊನ್ನೆಯನ್ನೇ ಸುತ್ತಿದರು. "ಥೂ, ಸೋಮಾರಿ ಮುಂಡೇದೇ" ಎಂದು ತಮ್ಮನ್ನೇ ಬೈದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಒಲೆ ಹಚ್ಚುವುದು ನಿಂತೇಹೋಯಿತು. ಬ್ರೆಡ್ಡು, ಬಾಳೆಹಣ್ಣು, ಅದೂ ನೆನಪಾದರೆ.

ಇಂಥ ಹೊತ್ತಿನಲ್ಲೇ ಲಕ್ಕಮ್ಮ ಶುರುಹಚ್ಚಿಕೊಂಡಳು. ದಿನಾ ಮಧ್ಯಾಹ್ನ ಒಂದು ಪಾತ್ರೆಯಲ್ಲಿ ಸಾರೋ ಪಲ್ಯವೋ ತಂದು ಹೊಸಿಲಲ್ಲಿಟ್ಟು, "ಮೇಡಮ್ಮೋರೆ, ಬಿಸಿ ಇದ್ದಂಗೇ ಉಂಡ್ಬುಡಿ" ಎಂದು ಇಡೀ ವಠಾರಕ್ಕೆ ಕೇಳುವಂತೆ ಕೂಗುವುದು. ದಾನಶೂರ ಕರ್ಣನ ತಂಗಿ! ಮೊದಲ ದಿನ ಏನೋ ಎರಡು ತುತ್ತು ತಿಂದರು. ಆಮೇಲೆ ಗಂಟಲಲ್ಲಿ ಇಳಿಯಲಿಲ್ಲ. ಹಿತ್ತಲ ಗೋಡೆಯಾಚೆ ನಾಯಿಗೆ ಸುರಿದು, ತೊಳೆದ ಪಾತ್ರೆಗೆ ಒಂದು ಚಮಚ ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದರು. ಬರಿ ಪಾತ್ರೆ ವಾಪಸು ಕೊಡಬಾರದಲ್ಲ. ವಾರದ ಹಿಂದೆ ಸಕ್ಕರೆ ಮುಗಿಯಿತು. ಬೀದಿ ಕೊನೆಯ ಅಂಗಡಿ ಪಾವಗಡದಷ್ಟು ದೂರ ಕಂಡಿತು. ಪಾತ್ರೆಗಳು ಅಡಿಗೆಮನೆಯ ಕಟ್ಟೆಯ ಮೇಲೆ ಒಂದು, ಎರಡು, ಆರಾದವು.

ಏಳನೆಯ ದಿನ ಲಕ್ಕಮ್ಮ ಬರಿಗೈಯಲ್ಲಿ ಬಂದು ನಿಂತಳು.

"ಮೇಡಮ್ಮೋರೆ, ತಪ್ಪು ತಿಳ್ಕಬ್ಯಾಡಿ. ಒಂದ್ ಪಾತ್ರೆ ಇದ್ರೆ ಕೊಟ್ಬುಡಿ."

ಅಶ್ವತ್ಥಮ್ಮನವರಿಗೆ ಉರಿದುಹೋಯಿತು. "ನಿನ್ನ ಪಾತ್ರೆ ನುಂಗಿ ಬದುಕಬೇಕಾ ನಾನು? ಅಗೋ ಅಲ್ಲಿವೆ, ಎಣಿಸ್ಕೊಂಡು ಹೋಗು. ಬರಿ ಪಾತ್ರೆ ಹೇಗೆ ಕೊಡೋದು ಅಂತ ಇಟ್ಕೊಂಡಿದ್ದೆ. ಮನೇಲಿ ಸಕ್ಕರೆ ಇಲ್ಲ. ಹೋಗಿ ತರೋಣ ಅಂದ್ರೆ ನನಗೆ ಹಾಸಿಗೆ ಬಿಟ್ಟು ಏಳೋಕೇ ಆಗ್ತಿಲ್ಲ. ಸಾಕಾ?"

ಲಕ್ಕಮ್ಮ ಹೊಸಿಲ ಮೇಲೆ ಕುಕ್ಕರಿಸಿದಳು. ಆ ಬಾಯಿಬಡುಕಿಯ ದನಿ ಅಷ್ಟು ಸಣ್ಣಗಾಗಿದ್ದನ್ನು ಅಶ್ವತ್ಥಮ್ಮನವರು ಕೇಳಿದ್ದೇ ಇಲ್ಲ.

"ನಿಮ್ಗೂ ಅಂಗೇನಾ? ನಮ್ಮೋರು ಹೋದಾಗ್ನಿಂದ ನಂದೂ ಅದೇ ಕತೆ ಕಣಮ್ಮ. ನನ್ನೊಬ್ಳಿಗೆ ಅಂತ ನೀರೂ ಕಾಯ್ಸ್ತಿರ್ಲಿಲ್ಲ. ಒಂದಿನ ನಿಮ್ಗೆ ವಸಿ ಸಾರು ಕೊಟ್ಟೆ, ಪಾತ್ರೆ ಖಾಲಿ ಮಾಡಿ ಸಕ್ರೆ ಹಾಕಿ ಕೊಟ್ರಿ. ಆವತ್ತಿಂದ, ಮೇಡಮ್ಮೋರು ಉಣ್ತಾರೆ, ಏಳು ಲಕ್ಕೀ ಅಂತ ಎದ್ದು ಒಲೆ ಹಚ್ತೀನಿ. ಇವತ್ತು ಪಾತ್ರೆ ಇರ್ಲಿಲ್ಲ. ಹೊತ್ತು ನೆತ್ತಿಗೆ ಬಂದ್ರೂ ಮಲ್ಗೇ ಇದ್ದೆ. ಭಯ ಆಗೋಯ್ತು ನಂಗೆ."

ಕಣ್ಣೊರೆಸಿಕೊಂಡು ಮುಖ ಎತ್ತಿದಳು. "ನೆನ್ನೆ ಮಸೊಪ್ಪು ಹೆಂಗಿತ್ತು? ಉಪ್ಪು ಸರೀಗಿತ್ತಾ?"

ಅದನ್ನು ಹಿತ್ತಲ ನಾಯಿಯನ್ನು ಕೇಳಬೇಕಿತ್ತು. ಅಶ್ವತ್ಥಮ್ಮನವರ ಕಿವಿ ಬಿಸಿಯಾಯಿತು. ದೊಡ್ಡ ಮೇಡಮ್ಮಂತೆ ಮೇಡಮ್ಮು, ಬೆಂಕಿ ಹಾಕ ಎಂದು ತಮ್ಮನ್ನೇ ಶಪಿಸಿಕೊಂಡರು. ನಿಜ ಹೇಳಿದರೆ ಇವಳು ನಾಳೆ ಏಳುವುದಿಲ್ಲ. ಚೆನ್ನಾಗಿತ್ತು ಎಂದು ಹೊಗಳಿದರೆ ನಂಬುವುದಿಲ್ಲ, ಯಾವತ್ತು ಯಾರನ್ನು ಹೊಗಳಿದ ಬಾಯಿ ಇದು?

"ಉಪ್ಪು ಕಮ್ಮಿ," ಎಂದು ಗದರಿದರು. "ಇಷ್ಟು ವಯಸ್ಸಾದರೂ ಹದ ಗೊತ್ತಿಲ್ಲ ನಿನಗೆ. ಬಾಯಿಗಿಡೋ ಹಾಗಿರಲಿಲ್ಲ."

ಲಕ್ಕಮ್ಮನ ಮುಖ ಅರಳಿತು. "ಅಯ್ ಶಿವನೇ, ಹೇಳ್ಬಾರ್ದಾ! ತಡೀರಿ, ಈಗ್ಲೇ ಬಸ್ಸಾರು ಮಾಡ್ಕಂಬತ್ತೀನಿ. ನನ್ ಮುಂದೇನೇ ಉಂಡು ಉಪ್ಪು ನೋಡಿ ಹೇಳ್ಬೇಕು, ಮತ್ತೆ!" ಆರೂ ಪಾತ್ರೆ ಬಾಚಿ ತಬ್ಬಿಕೊಂಡು ದಡದಡನೆ ಹೋದಳು.

ಅಶ್ವತ್ಥಮ್ಮನವರು ಮೊಣಕಾಲು ಹಿಡಿದುಕೊಂಡು ಹಾಸಿಗೆಯಿಂದ ಎದ್ದರು. ತಟ್ಟೆಯ ಮೇಲೆ ಧೂಳು ಕೂತಿತ್ತು. ಆ ಮುಂಡೇದೂ ಏನೂ ತಿಂದಿರುವುದಿಲ್ಲ ಎಂದು ಗೊಣಗಿಕೊಂಡು ಎರಡು ತಟ್ಟೆ ತೊಳೆದರು.