ಹೊಸದೆಂಬ ಗುರುತು

ಪತ್ರ ಬಂದಿತ್ತು, ಗುರುತು ಬಂದಿರಲಿಲ್ಲ. ಮಿಲೋಯ್ಕಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಲ್ಯುಬ್ಲಿಯಾನಾದ ಆ ಭೂಕಂಪ ದಾಖಲೆ ಕಚೇರಿಯಲ್ಲಿ ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ಈಮೇಲ್ ಓದುವವರು ಇಬ್ಬರೇ ಉಳಿದಿದ್ದರು, ಅವಳು ಮತ್ತು ಅವಳ ವಿಭಾಗದ ಮುಖ್ಯಸ್ಥ ಲಾಡೊ. ಹೊಸ ಪತ್ರ ಬಂದರೆ ಈಮೇಲ್ ಪೆಟ್ಟಿಗೆಯ ಹೆಸರಿನ ಪಕ್ಕ ಹೊಸದೆಂದು ಸೂಚಿಸುವ ‘ಎನ್’ ಎಂಬ ಒಂದಕ್ಷರ ಮೂಡಬೇಕು. ಈ ವಾರವಿಡೀ ಅದು ಮೂಡಿರಲಿಲ್ಲ. ಒಳಹೊಕ್ಕು ನೋಡಿದರೆ ಮಾತ್ರ ಗಡಿಯಾಚೆಯ ಗ್ರಾಟ್ಸ್‌ನಿಂದ ಬಂದ ಪತ್ರ ತಣ್ಣಗೆ ಕೂತಿರುತ್ತಿತ್ತು.

ಆ ಈಮೇಲ್ ಪ್ರೋಗ್ರಾಂ ಎಷ್ಟು ಸರಳವೆಂದು ಅವಳಿಗೆ ಗೊತ್ತು. ಪೆಟ್ಟಿಗೆಗೆ ಕೊನೆಯ ಪತ್ರ ಬಿದ್ದದ್ದು ಯಾವಾಗ, ಪೆಟ್ಟಿಗೆಯನ್ನು ಕೊನೆಗೆ ತೆರೆದದ್ದು ಯಾವಾಗ, ಇವೆರಡನ್ನೇ ಅದು ಹೋಲಿಸುತ್ತದೆ. ಪತ್ರ ಬಿದ್ದ ಮೇಲೆ ಯಾರಾದರೂ ತೆರೆದಿದ್ದರೆ ಗುರುತಿಲ್ಲ. ಅವಳು ತೆರೆದಿರಲಿಲ್ಲ. ಹಾಗಾದರೆ ಇನ್ಯಾರು? ಪತ್ರಗಳು ಬಂದು ಬೀಳುವ ಯಂತ್ರದ ಉಸ್ತುವಾರಿಯೆಲ್ಲ ಲಾಡೊನದೇ; ಯಾರ ಪೆಟ್ಟಿಗೆಯನ್ನಾದರೂ ಅವನು ತೆರೆಯಬಲ್ಲ.

ಗ್ರಾಟ್ಸ್‌ನ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ಅವಳು ಅವನಿಗೆ ಹೇಳಿರಲಿಲ್ಲ. ಅವಳು ಹೋದರೆ ವಿಭಾಗಕ್ಕೆ ಬೀಗ ಬೀಳುತ್ತದೆ. ಖಚಿತವಾದ ಮೇಲೆ, ಕೂತು, ಸಮಾಧಾನವಾಗಿ ಹೇಳೋಣವೆಂದುಕೊಂಡಿದ್ದಳು. ಅನುಮಾನ ಹೊಕ್ಕ ಮೇಲೆ ಅವನ ಒಂದೊಂದು ಮಾತಿನಲ್ಲೂ ಬೇರೆ ಅರ್ಥ ಕಾಣತೊಡಗಿತು. ಮೊನ್ನೆ ಬರುವ ವರ್ಷದ ಕೆಲಸ ಈಗಲೇ ಹಂಚಿಕೊಳ್ಳೋಣ ಎಂದನಲ್ಲ, ಏಕೆ?

ಹತ್ತು ಗಂಟೆಗೆ ಲಾಡೊ ಎಂದಿನಂತೆ ಹಿಡಿಯುಳ್ಳ ತಾಮ್ರದ ಪಾತ್ರೆಯಲ್ಲಿ ಇಬ್ಬರಿಗೂ ಕಾಫಿ ಕುದಿಸಿ ತಂದ. ಎಂದಿನಂತೆ ಅವಳ ಭುಜದ ಮೇಲಿಂದ ಪರದೆಗೆ ಬಗ್ಗಿದ.

“ಏನಮ್ಮಾ, ಯಾವ ಪ್ರೇಮಿ ಬರೆದಿದ್ದಾನೆ ಇವತ್ತು?”

“ನಿಂಗೇ ಗೊತ್ತಿರ್ಬೇಕಲ್ಲ. ನನಗಿಂತ ಮೊದ್ಲು ಓದೋನು ನೀನು.”

“ಏನ್ ಹೇಳ್ತಿದ್ದೀಯ?”

“ನಾಟಕ ಸಾಕು ಲಾಡೊ. ಗ್ರಾಟ್ಸ್‌ನೋರು ಬರೆದಿದ್ದನ್ನೆಲ್ಲ ಓದಿದ್ದೀಯ. ಹೋಗ್ಬೇಡ ಅಂತ ನೇರವಾಗಿ ಹೇಳೋದು ಬಿಟ್ಟು ಕದ್ದು ನೋಡೋದಾ?”

ಅವನು ಪಾತ್ರೆಯನ್ನು ಮೇಜಿನ ಮೇಲಿಟ್ಟ. “ಗ್ರಾಟ್ಸಾ?” ಎಂದ. ಆ ದನಿಯಲ್ಲಿ ನಾಟಕವಿರಲಿಲ್ಲ. ಆದರೂ ಮಿಲೋಯ್ಕಾ ಗುರುತಿನ ವಿಷಯವನ್ನೆಲ್ಲ ಒಂದೇ ಉಸಿರಿಗೆ ಒದರಿದಳು.

ಲಾಡೊ ಕುರ್ಚಿ ಎಳೆದುಕೊಂಡು ಪರದೆ ನೋಡಿದ. ಕೆಳಗಿನ ಮೂಲೆಯಲ್ಲಿದ್ದ ಸಣ್ಣ ಅಂಕಿಯ ಮೇಲೆ ಬೆರಳಿಟ್ಟ. “ಇದೇನಿದು?”

“ಅದು ನಾನೇ ಹಾಕ್ಕೊಂಡಿದ್ದು. ಪತ್ರ ಬಂತೋ ಇಲ್ವೋ ಅಂತ ನಿಮಿಷಕ್ಕೊಂದ್ ಸಲ ಎಣಿಸ್ತಾ…”

ಮಾತು ಅಲ್ಲಿಗೇ ನಿಂತಿತು. ಎಣಿಸಬೇಕಾದರೆ ಪೆಟ್ಟಿಗೆ ತೆರೆಯಲೇಬೇಕು; ತೆರೆದರೆ ಗುರುತು ಹೋಗುತ್ತದೆ. ಗ್ರಾಟ್ಸ್‌ನ ಉತ್ತರ ತಪ್ಪಿಹೋದೀತೆಂಬ ಆತುರಕ್ಕೆ ಹೋದ ವಾರ ಅವಳೇ ಬರೆದು ಕೂರಿಸಿದ್ದ ನಾಲ್ಕು ಸಾಲಿನ ಪ್ರೋಗ್ರಾಂ ಅದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

“ಯಾವಾಗ ಹೋಗೋದು?” ಲಾಡೊ ಕೇಳಿದ.

“ಇನ್ನೂ ಗೊತ್ತಿಲ್ಲ. ನಿಂಗೆ ಹೇಳೋಳೇ ಇದ್ದೆ.”

“ಹೇಳಿದ್ಯಲ್ಲ ಈಗ,” ಎಂದು ಅವನು ಎದ್ದುಹೋದ.

ಅವಳು ಮೂಲೆಯ ಅಂಕಿಯನ್ನು ಅಳಿಸಿಹಾಕಿದಳು. ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಪಕ್ಕ ‘ಎನ್’ ಸರಿಯಾಗಿ ಮೂಡಿತ್ತು. ತೆರೆಯಲು ಅವಳಿಗೆ ಕೈ ಬರಲಿಲ್ಲ. ಹತ್ತು ಗಂಟೆಗೆ ಲಾಡೊ ಕಾಫಿ ತಂದ. ಭುಜದ ಹಿಂದೆ ಬರದೆ, ಮೇಜನ್ನು ಸುತ್ತಿ ಆಚೆ ಬದಿಗೆ ಹೋಗಿ ನಿಂತು, ಪರದೆ ಕಣ್ಣಿಗೆ ಬೀಳದಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಅವಳ ಲೋಟಕ್ಕೆ ಸುರಿದ.