ಮಾಂಗ್ ಆಂಬೊನ ಕೆಂಪು ಕೋಟು

ಸೆಪ್ಟೆಂಬರ್ ಹುಟ್ಟಿದ ಬೆಳಿಗ್ಗೆಯೇ ಮನಿಲಾದಾಚೆಯ ಲುಸೇನಾ ಪೇಟೆಯ ಮಾಲ್‌ನವರು ಕ್ರಿಸ್ಮಸ್ ಹಾಡು ಹಚ್ಚಿದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಮೋಡ ಸರಿದರೆ ಬಿಸಿಲು ಚರ್ಮ ಸುಲಿಯುವಂತೆ ಬೀಳುತ್ತಿತ್ತು. ಮಾರುಕಟ್ಟೆಯಲ್ಲಿ ಅಕ್ಕಿಯ ಸಿಹಿಕಡುಬು ಮಾರುತ್ತಿದ್ದ ಸಲೂದ್, ಹಾಡು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದ ಬಾಳೆಲೆಯನ್ನು ಪರ್ರನೆ ಸೀಳಿದಳು. ಪಕ್ಕದ ಮೀನಿನವಳು ನಕ್ಕಳು. ಸಲೂದ್ ನಗಲಿಲ್ಲ.

ಅವಳಿಗೆ ಹಬ್ಬದ ಮೇಲೆ ದ್ವೇಷವಿರಲಿಲ್ಲ. ಅವಳು ಬಲ್ಲ ಹಬ್ಬ ಡಿಸೆಂಬರಿನ ತಣ್ಣನೆ ಗಾಳಿಯ ಜೊತೆ ಬರುತ್ತಿತ್ತು. ನಸುಕಿನ ಪೂಜೆಗೆಂದು ಕತ್ತಲಲ್ಲೇ ಎದ್ದ ಜನ ಶಾಲು ಹೊದ್ದು ಇಗರ್ಜಿಗೆ ನಡೆಯುತ್ತಿದ್ದರು. ಈಗಿನದು ಕರೆಯದೆ ಬಂದ ನೆಂಟನ ಹಾಗೆ ಗಂಟುಮೂಟೆ ಸಮೇತ ಮಳೆಗಾಲದಲ್ಲೇ ಬಂದು ಜಗುಲಿಯಲ್ಲಿ ಕಾಲು ಚಾಚುತ್ತಿತ್ತು. ಅದರ ಮೇಲೆ, ಆ ನೆಂಟನ ಸೇವೆಗೆ ನಿಂತವನು ಅವಳ ಗಂಡನೇ ಆಗಿದ್ದ.

ಆಂಬ್ರೊಸಿಯೊ ಎಂಬ ಅವನ ಹೆಸರನ್ನು ಯಾರೂ ಪೂರ್ತಿ ಕರೆಯುತ್ತಿರಲಿಲ್ಲ. ಓಣಿಯವರಿಗೆಲ್ಲ ಅವನು ಮಾಂಗ್ ಆಂಬೊ, ಅಂದರೆ ಆಂಬೊ ಮಾಮ. ಜನ್ಮವೆಲ್ಲ ಜೀಪ್ನಿ ಎಂಬ ಪ್ರಯಾಣಿಕರ ಜೀಪು ಓಡಿಸಿ, ಮೊಣಕಾಲು ಸೋತ ಮೇಲೆ ಗಾಡಿ ಮಾರಿದ. ಉಳಿದದ್ದು ಗುಡಾಣದಂಥ ಹೊಟ್ಟೆ, ಹತ್ತಿಯಂಥ ಕೂದಲು, ಓಣಿಯ ಆಚೆ ತುದಿಗೂ ಕೇಳುವ ನಗು. ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲಿ ಇವನನ್ನು ಕಂಡ ಮಾಲ್‌ನ ಮ್ಯಾನೇಜರ್, ಕ್ರಿಸ್ಮಸ್ ತಾತ ಸಾಂತಾನ ವೇಷ ಹಾಕುತ್ತೀರಾ ಎಂದು ಕೇಳಿದ್ದಳು. ಮೊದಲ ವರ್ಷ ಕೆಲಸ ಶುರುವಾದದ್ದು ನವೆಂಬರಿನಲ್ಲಿ. ಮರುವರ್ಷ ಅಕ್ಟೋಬರಿನಲ್ಲಿ. ಈ ಸಲ ಸೆಪ್ಟೆಂಬರ್.

"ಮಾತೆ ಮರಿಯಮ್ಮನ ಹೊಟ್ಟೇಲಿ ಮಗು ಇನ್ನೂ ಒದೀತಾ ಇರತ್ತೆ, ಆಗಲೇ ನೀನು ತೊಟ್ಟಿಲು ತೂಗೋಕೆ ಹೊರಟಿದ್ದೀಯಲ್ಲ" ಎಂದು ಸಲೂದ್ ಅಂದಿದ್ದಳು.

"ಮಡಿಲಲ್ಲಿ ಕೂತ ಮಗು ಇದು ಯಾವ ತಿಂಗಳು ಅಂತ ಕೇಳಲ್ಲ ಕಣೆ" ಎಂದು ಅವನು ಬೂಟಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ಒಂದು ಸಲ ಬಂದು ನೋಡು ಎಂದು ವರ್ಷವರ್ಷವೂ ಕರೆಯುತ್ತಿದ್ದ. ಅವಳು ಹೋಗಿರಲಿಲ್ಲ.

ಆ ತಿಂಗಳ ಮೊದಲ ಶನಿವಾರ ಮಾಲ್‌ನವರು ಪೇಟೆಯಲ್ಲಿ ಮೆರವಣಿಗೆ ತೆಗೆದರು. ತೆರೆದ ಲಾರಿಯ ಮೇಲೆ ಎತ್ತರದ ಕುರ್ಚಿ, ಅದರ ಹಿಂದೆ ಸಾಬೂನಿನ ನೊರೆಯನ್ನು ಹಿಮದಂತೆ ಉಗುಳುವ ಯಂತ್ರ. ಕುರ್ಚಿಯಲ್ಲಿ ಆಂಬೊ. ದಪ್ಪ ಕೆಂಪು ಕೋಟು, ಕೈಗವಸು, ಎದೆ ಮುಚ್ಚುವ ಗಡ್ಡ. ನಡು ಮಧ್ಯಾಹ್ನ ಮೋಡವೆಲ್ಲ ಹರಿದುಹೋಗಿತ್ತು. ಕೆಥೆಡ್ರಲ್ ಇಗರ್ಜಿಯ ತಿರುವಿನ ಹತ್ತಿರ ಅವನ ತಲೆ ಎದೆಗೆ ಬಿತ್ತು, ಆಮೇಲೆ ಮೈ ಮೆಲ್ಲಗೆ ಕುರ್ಚಿಯಿಂದ ಜಾರಿತು. ಸಾಂತಾ ನಾಟಕ ಆಡುತ್ತಿದ್ದಾನೆ ಎಂದುಕೊಂಡು ರಸ್ತೆಬದಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದೆ ಕೂತ ಡ್ರೈವರ್‌ಗೆ ಯಾರಾದರೂ ಹೇಳುವಷ್ಟರಲ್ಲಿ ಲಾರಿ ಇನ್ನೊಂದು ಬೀದಿ ದಾಟಿತ್ತು. ಅಲ್ಲಿಯವರೆಗೂ ನೊರೆ ಅವನ ಮೇಲೆ ಬೀಳುತ್ತಲೇ ಇತ್ತು.

ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಗಿತ್ತು. ಮಾರುಕಟ್ಟೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ ಸಲೂದ್‌ಗೆ ಆಸ್ಪತ್ರೆಯವರು ಗಂಡನ ಹೆಣವನ್ನೂ, ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಟ್ಟರು. ಚೀಲದಲ್ಲಿ ಕೋಟು, ಷರಾಯಿ, ಬೆಲ್ಟು, ಗಡ್ಡ.

ಶವದ ಪೆಟ್ಟಿಗೆಯನ್ನು ಮನೆಯ ಮುಂಗೋಣೆಯಲ್ಲಿ ಇಟ್ಟರು. ಓಣಿಗೆ ಅಡ್ಡಲಾಗಿ ಟಾರ್ಪಾಲು ಕಟ್ಟಿ, ಮೇಜು ಹಾಕಿ, ಬಂದವರಿಗೆ ಕಾಫಿ ಬಿಸ್ಕತ್ತು ಕೊಟ್ಟರು. ಗಂಡಸರು ಇಸ್ಪೀಟಿಗೆ ಕೂತರು. ಹೆಣವಿರುವ ಮನೆಯಲ್ಲಿ ಕಸ ಗುಡಿಸಬಾರದು, ಬಟ್ಟೆ ಒಗೆಯಬಾರದು. ಎಲ್ಲ ಗೊತ್ತಿದ್ದೂ ಸಲೂದ್ ಆ ಕೋಟನ್ನು ಪಕ್ಕದ ಮನೆಯ ಇಸ್ಕಾಳ ನಲ್ಲಿಗೆ ಒಯ್ದು ಒಗೆದಳು. ಅವನ ಬೆವರಿನ ಬಟ್ಟೆ ಮೂಲೆಯಲ್ಲಿ ಬಿದ್ದಿರುವುದನ್ನು ಅವಳು ಯಾವತ್ತೂ ಸಹಿಸಿದವಳಲ್ಲ. ನೀರು ಕುಡಿದ ಕೋಟು ಅವಳೊಬ್ಬಳ ಕೈಗೆ ಏಳಲಿಲ್ಲ. ಮಗಳು ಲಿಗಾಯಾ ಬಂದು ಇನ್ನೊಂದು ತುದಿ ಹಿಡಿಯಬೇಕಾಯಿತು. ಒಳಗೆಲ್ಲ ಹಾಸಿಗೆಯ ಹಾಗೆ ಸ್ಪಂಜು ಹೊಲಿದಿದ್ದರು. ಸಲೂದ್ ಅದನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು.

ಎರಡನೆಯ ದಿನ ಮಾಲ್‌ನಿಂದ ಹೂವಿನ ಚಕ್ರ ಬಂತು. ನಡುವೆ ಪ್ಲಾಸ್ಟಿಕ್ಕಿನ ಪೈನ್ ಎಲೆ, ಚಿನ್ನದ ಬಣ್ಣದ ಗಂಟೆ, ದೊಡ್ಡ ಕೆಂಪು ರಿಬ್ಬನ್. ಕಪ್ಪು ರಿಬ್ಬನ್ ಕಟ್ಟುವಷ್ಟೂ ವ್ಯವಧಾನ ಅವರಿಗಿರಲಿಲ್ಲ. ಸಲೂದ್ ಅದನ್ನು ಎತ್ತಿಕೊಂಡು, ಇಸ್ಪೀಟು ಆಡುವವರ ನಡುವೆ ನೆಟ್ಟಗೆ ನಡೆದು, ಓಣಿಯ ತುದಿಯ ಕಸದ ಗಾಡಿಗೆ ಹಾಕಿ ಬಂದಳು. ಬರುವಾಗ ಇಸ್ಕಾಳ ಅಂಗಳದಲ್ಲಿ ನಿಂತು ಒಂದು ಕೋಳಿಮರಿ ಕೇಳಿದಳು.

ಇಸ್ಕಾಗೆ ಗಾಬರಿಯಾಯಿತು. "ಕೊಲೆಯಾದವರ ಪೆಟ್ಟಿಗೆ ಮೇಲೆ ತಾನೆ ಮರಿ ಬಿಡೋದು? ಆಂಬೊನ್ನ ಯಾರೂ ಕೊಂದಿಲ್ಲ ಸಲೂದ್. ಹಾರ್ಟು ನಿಂತೋಯ್ತು."

"ತಾನಾಗಿ ನಿಂತಿಲ್ಲ" ಎಂದಳು ಸಲೂದ್. "ಕೊಡ್ತೀಯೋ, ಪೇಟೇಲಿ ಕೊಂಡ್ಕೊಂಡು ಬರಲೋ?"

ಇಸ್ಕಾ ಕೊಟ್ಟಳು. ಹಳದಿ ಮರಿ ಪೆಟ್ಟಿಗೆಯ ಗಾಜಿನ ಮೇಲೆ, ಆಂಬೊನ ಮುಖದ ಮೇಲ್ಗಡೆಯೇ, ಅಕ್ಕಿಕಾಳು ಕುಕ್ಕುತ್ತ ಓಡಾಡತೊಡಗಿತು. ಒಂದೊಂದು ಕುಕ್ಕೂ ಕೊಂದವರ ಎದೆಗೆ ನಾಟುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇಸ್ಪೀಟಿನವರು ಎಲೆ ಕೆಳಗಿಟ್ಟರು. ಪಾದ್ರಿ ಬಂದು ಇದು ಸರಿಯಲ್ಲ ಎಂದು ಮೆಲ್ಲಗೆ ಹೇಳಿ ನೋಡಿದರು. ಸಲೂದ್ ಅವರ ಕೈಯನ್ನು ಹಣೆಗೊತ್ತಿಕೊಂಡು ಗೌರವ ಸಲ್ಲಿಸಿದಳೇ ಹೊರತು ಮರಿಯನ್ನು ಎತ್ತಲಿಲ್ಲ.

ಮಾರನೆಯ ಮಧ್ಯಾಹ್ನ ಮ್ಯಾನೇಜರ್ ಕ್ಲಾರಿಬೆಲ್ ಬಂದಳು. ಲಿಗಾಯಾಳ ವಯಸ್ಸಿನವಳು. ಒಳಗೆ ಕಾಲಿಟ್ಟವಳು ಮೊದಲು ಕಂಡದ್ದು ಕೋಳಿಮರಿಯನ್ನು. ಅವಳ ಮುಖ ಬಿಳಿಚಿಕೊಂಡಿತು, ಆದರೂ ತಿರುಗಿ ಹೋಗಲಿಲ್ಲ. ಅಷ್ಟರ ಮಟ್ಟಿಗೆ ಸಲೂದ್ ಅವಳನ್ನು ಒಪ್ಪಿಕೊಂಡಳು. ಆಂಬೊನ ಒಳ್ಳೆಯತನ, ಮಕ್ಕಳಿಗೆ ಅವನ ಮೇಲಿದ್ದ ಪ್ರೀತಿ ಎಂದೆಲ್ಲ ಬಹಳ ಹೊತ್ತು ಹೇಳಿ, ಸಹಾಯದ ಲಕೋಟೆಯನ್ನು ಕುರ್ಚಿಯ ಮೇಲಿಟ್ಟು, ಕೊನೆಗೆ ಕ್ಲಾರಿಬೆಲ್ ವಿಷಯಕ್ಕೆ ಬಂದಳು.

"ಹೇಳೋಕೆ ನಾಚಿಕೆ ಆಗತ್ತೆ ಅಮ್ಮ. ಆ ಡ್ರೆಸ್ಸು ಹೆಡ್ ಆಫೀಸಿನದು. ಮನಿಲಾದಿಂದ ಇನ್ನೊಂದು ತರಿಸೋಕೆ ತುಂಬ ದಿನ ಹಿಡಿಯತ್ತೆ. ಮಕ್ಕಳು ಬಂದು ಬಂದು ವಾಪಸ್ ಹೋಗ್ತಿದ್ದಾರೆ."

"ಯಾರಿಗೆ ಹಾಕಿಸ್ತೀಯ?"

ಕ್ಲಾರಿಬೆಲ್‌ಳ ಕಣ್ಣು ಬಾಗಿಲ ಹತ್ತಿರ ಕಾಫಿ ಬಗ್ಗಿಸುತ್ತಿದ್ದ ಡೆನ್ಸಿಯೊನ ಕಡೆ ಹೋಯಿತು. ಡೆನ್ಸಿಯೊ ಸಲೂದ್‌ಳ ಅಳಿಯ. ಅವನಿದ್ದ ತೆಂಗಿನೆಣ್ಣೆ ಕಾರ್ಖಾನೆ ಬೇಸಿಗೆಯಲ್ಲೇ ಬಾಗಿಲು ಹಾಕಿತ್ತು. ಬಿದಿರಿನ ಗಳದಂತೆ ಸಣಕಲು, ಮಳೆ ಬಂದರೆ ಕೆಮ್ಮು. ಸಾಂತಾ ಆಗಬೇಕಾದರೆ ಹೊಟ್ಟೆಗೆ ದಿಂಬು ಕಟ್ಟಬೇಕಾದಂಥವನು.

"ಅವರು ಕರೀಲಿಲ್ಲ ಅಮ್ಮ" ಎಂದ ಡೆನ್ಸಿಯೊ, ಕೈಯಲ್ಲಿದ್ದ ಕೆಟಲ್ ಕೆಳಗಿಡದೆ. "ನಾನೇ ಹೋಗಿ ಕೇಳ್ದೆ."

"ನಿನ್ನ ಮಾವ ಇನ್ನೂ ಮನೇಲಿ ಮಲಗಿದಾನೆ" ಎಂದಳು ಸಲೂದ್.

"ಗೊತ್ತು. ಮಣ್ಣಾದ ಮೇಲೆ ಹೋಗೋಣ ಅಂತಿದ್ದೆ. ಅಷ್ಟರಲ್ಲಿ ಇನ್ನೊಬ್ಬರು ಬಂದ್ಬಿಟ್ರೆ?"

ಸಲೂದ್ ಮಗಳ ಕಡೆ ನೋಡಿದಳು. ಲಿಗಾಯಾ ನೆಲ ನೋಡುತ್ತಿದ್ದಳು. ಇವಳಿಗೂ ಮೊದಲೇ ಗೊತ್ತಿತ್ತು. ಅಳಿಯನ ಮಾತಿಗಿಂತ ಇದು ಸಲೂದ್‌ಗೆ ಹೆಚ್ಚು ಚುಚ್ಚಿತು. ಆ ಸಿಟ್ಟನ್ನು ಅವಳು ಕ್ಲಾರಿಬೆಲ್ ಕಡೆಗೇ ತಿರುಗಿಸಿದಳು.

"ಲಾರಿ ಮೇಲೆ ಅವನು ತಲೆ ತಿರುಗ್ತಿದೆ ಅನ್ನಲಿಲ್ವಾ?"

ಹುಡುಗಿ ಕೋಳಿಮರಿಯ ಕಡೆ ನೋಡಿದಳು. "ಅಂದ್ರು. ನೀರು ಕೊಟ್ವಿ ಅಮ್ಮ. ಇಳೀತೀರಾ ಅಂತ ಕೇಳಿದ್ದಕ್ಕೆ, ಮಕ್ಕಳು ಕಾಯ್ತಿದಾರೆ, ಕೆಥೆಡ್ರಲ್ ತನಕ ತಡ್ಕೋತೀನಿ ಅಂತ ಅವರೇ ಅಂದ್ರು."

ಸುಳ್ಳಲ್ಲವೆಂದು ಸಲೂದ್‌ಗೆ ತಕ್ಷಣ ಗೊತ್ತಾಯಿತು. ಹಾಗೆನ್ನುವ ಮನುಷ್ಯನೇ ಅವನು. ಬ್ರೇಕು ಸರಿಯಿಲ್ಲದ ಜೀಪಿನಲ್ಲೂ ಮುಂದಿನ ಸ್ಟಾಪಿನ ತನಕ ಹೋಗೋಣ ಅನ್ನುತ್ತಿದ್ದವನು. ಗಾಜಿನ ಕೆಳಗೆ ಕಣ್ಣು ಮುಚ್ಚಿಕೊಂಡು ಮಲಗಿದ್ದ ಅವನ ಮೇಲೂ ಅವಳಿಗೆ ಕೆಟ್ಟ ಕೋಪ ಬಂತು.

"ಅಂದಿರ್ತಾನೆ" ಎಂದಳು. "ಅವನು ಅಂತಾನೆ. ಕೇಳೋದು ಬಿಡೋದು ನಿನ್ನ ಕೈಲಿತ್ತು. ಮಣ್ಣಾಗೋ ತನಕ ಕೋಟು ಇಲ್ಲೇ ಇರತ್ತೆ. ಆಮೇಲೆ ನಾನೇ ತಂದ್ಕೊಡ್ತೀನಿ. ಆ ಲಕೋಟೆ ತಗೊಂಡು ಈಗ ಎದ್ದು ಹೋಗು."

ಮಣ್ಣು ಮಾಡಿದ ದಿನ ಶವದ ಗಾಡಿ ಮಾಲ್ ಮುಂದೆಯೇ ಹಾದುಹೋಗಬೇಕಿತ್ತು. ಬೇರೆ ದಾರಿ ಇರಲಿಲ್ಲ. ಮುಂದೆ ಹೋಗುತ್ತಿದ್ದ ಬ್ಯಾಂಡಿನವರು ಶೋಕದ ರಾಗ ಬಾರಿಸುತ್ತಿದ್ದರೆ, ಮಾಲ್‌ನ ಮೈಕು ಕ್ರಿಸ್ಮಸ್ ಗಂಟೆಗಳ ಹಾಡು ಒದರುತ್ತಿತ್ತು. ಎರಡೂ ಕಲಸಿಹೋಗಿ, ಬ್ಯಾಂಡಿನ ಡೋಲಿನವನೇ ಒಂದೆರಡು ಸಲ ತಾಳ ತಪ್ಪಿ ಆ ಕಡೆಯ ಲಯಕ್ಕೆ ಹೊಡೆದ. ಗೇಟಿನ ಕಾವಲುಗಾರ ಟೋಪಿ ತೆಗೆದು ನಿಂತಿದ್ದ. ಸಲೂದ್ ಆ ಕಟ್ಟಡದ ಕಡೆ ತಿರುಗಿಯೂ ನೋಡದೆ ಹೆಜ್ಜೆ ಹಾಕಿದಳು.

ಸಂಜೆ ನೆಂಟರೆಲ್ಲ ಹೋದ ಮೇಲೆ ಅವಳು ಕೋಟನ್ನು ತೊಡೆಯ ಮೇಲೆ ಹರವಿಕೊಂಡು ಕತ್ತರಿ ಹಿಡಿದಳು. ನೆಲ ಒರೆಸುವ ಚಿಂದಿ ಮಾಡಿ, ಒಂದೊಂದಾಗಿ ಆ ಹುಡುಗಿಯ ಮೇಜಿನ ಮೇಲೆ ಎಸೆಯುವುದು ಅವಳ ಎಣಿಕೆ. ಹಿಂದಿನ ಕಾಲರಿನಿಂದ ಸೊಂಟದ ತನಕ ಕರಕರ ಕತ್ತರಿಸಿದಳು. ಸ್ಪಂಜು ಬಾಯಿ ಬಿಟ್ಟಿತು. ಆಗ ಬಾಗಿಲಲ್ಲಿ ಲಿಗಾಯಾ ನಿಂತಿದ್ದಳು, ಸೊಂಟದ ಮೇಲೆ ಚಿಕ್ಕ ಮಗು.

"ಅದನ್ನ ಹಾಳು ಮಾಡಿದ್ರೆ ಇವರಿಗೆ ಕೆಲಸ ಇಲ್ಲಮ್ಮ" ಎಂದಳು. ಬೇಡಿಕೊಂಡ ದನಿಯಲ್ಲ, ಇದ್ದದ್ದನ್ನು ಹೇಳಿದ ದನಿ.

ಸಲೂದ್ ತಲೆ ಎತ್ತಲಿಲ್ಲ. ಕತ್ತರಿ ಮಾತ್ರ ದಾರಿ ಬದಲಿಸಿತು. ಬೆನ್ನಿನ ಭಾಗವನ್ನು ಭುಜದಿಂದ ಕೆಳಗೆ ಪೂರ್ತಿಯಾಗಿ ತೆಗೆದುಹಾಕಿದಳು. ತೋಳುಗಳ ಒಳಗಿನ ಸ್ಪಂಜನ್ನು ಬಿಚ್ಚಿ ಕಿತ್ತಳು. ಅಂಚುಗಳನ್ನು ಮಡಿಚಿ ಹೊಲಿದು, ಕತ್ತಿನ ಹಿಂದೊಂದು, ಸೊಂಟದ ಹಿಂದೊಂದು ಲಾಡಿ ಕಟ್ಟಿದಳು. ಮುಂದಿನಿಂದ ನೋಡಿದರೆ ಬಿಳಿ ತುಪ್ಪಳ, ದಪ್ಪ ಗುಂಡಿ, ಎಲ್ಲ ಹಾಗೇ. ಹಿಂದೆ ಏನೂ ಇಲ್ಲ.

ಬೆಳಿಗ್ಗೆ ಡೆನ್ಸಿಯೊನನ್ನು ಕರೆದುಕೊಂಡು, ಕೋಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಆ ಮಾಲ್‌ನೊಳಗೆ ಕಾಲಿಟ್ಟಳು. ಮೂರಂತಸ್ತು ಎತ್ತರದ ಮರ, ಹತ್ತಿಯ ಹಿಮ, ಕೆಂಪು ಸಿಂಹಾಸನ. ತಣ್ಣನೆ ಗಾಳಿ ಅಂಗಡಿಗಳ ಒಳಗಷ್ಟೇ ಇತ್ತು. ಸಿಂಹಾಸನವಿದ್ದ ಅಂಗಳ ಗಾಜಿನ ಸೂರಿನ ಕೆಳಗೆ ಒಲೆಯ ಹಾಗೆ ಕಾಯುತ್ತಿತ್ತು. ಆಗಲೇ ಮಕ್ಕಳ ಸಾಲು ನಿಂತಿತ್ತು. ಬಂದು ನೋಡು ಎಂದು ಅವನು ಕರೆದದ್ದು ಇಲ್ಲಿಗೆ. ಖಾಲಿ ಕುರ್ಚಿಯ ಮುಂದೆ ಅವಳು ಒಂದು ಗಳಿಗೆ ನಿಂತಳು. ಮೆತ್ತೆಯ ಮೇಲೆ ಅವನ ಭಾರಕ್ಕೆ ಬಿದ್ದ ತಗ್ಗು ಇನ್ನೂ ಇತ್ತು. ಕೈ ಚಾಚಿದವಳು ಮುಟ್ಟದೆ ಹಿಂದಕ್ಕೆಳೆದುಕೊಂಡಳು.

ಕ್ಲಾರಿಬೆಲ್ ಕೋಟು ಬಿಡಿಸಿ ನೋಡಿ ದಂಗಾದಳು. "ಇದು ಕಂಪನಿ ಸೊತ್ತು ಅಮ್ಮ."

"ಮುಂದಿನದು ಹಾಗೇ ಇದೆ, ಮಕ್ಕಳಿಗೆ ಅಷ್ಟು ಸಾಕು. ಬೆನ್ನು ನಮ್ಮನೆಯವರದು. ಇವನನ್ನ ಮೆರವಣಿಗೆ ಗಿರವಣಿಗೆ ಅಂತ ಲಾರಿ ಹತ್ತಿಸಿದ್ಯೋ, ಆ ಕೋಳಿಮರಿ ಇನ್ನೂ ಬದುಕಿದೆ. ದಿನಾ ತಂದು ಈ ಕುರ್ಚಿ ಮೇಲೆ ಬಿಡ್ತೀನಿ. ಯಾಕೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ."

ಸಾಲಿನಲ್ಲಿದ್ದ ತಾಯಂದಿರು ಇತ್ತ ತಿರುಗಿದರು. ಕೋಳಿಮರಿ ಎಂದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಲಾರಿಬೆಲ್ ದನಿ ತಗ್ಗಿಸಿ, ಲಾರಿ ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟಳು. ಆಮೇಲೆ ತಾನೇ ಕೋಟಿನ ಲಾಡಿಯನ್ನು ಡೆನ್ಸಿಯೊನ ಕತ್ತಿನ ಹಿಂದೆ ಕಟ್ಟಿದಳು.

ಡೆನ್ಸಿಯೊ ಹಬ್ಬದ ತನಕವೂ ಕೂತ. ಎದ್ದು ಹೋಗಬೇಕಾದಾಗ ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದ. ಕಾವಲುಗಾರ ಜೊತೆಗೆ ಹೋಗುತ್ತಿದ್ದ. ನವೆಂಬರಿನಲ್ಲೊಂದು ದಿನ ಅವನು ಯಾವುದೋ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಾಗ, ಕಾದು ಬೇಸತ್ತ ಒಬ್ಬ ಹುಡುಗಿ ಹಿಂದಿನಿಂದ ಇಣುಕಿದಳಂತೆ. ಸಾಂತಾಗೆ ಅಂಗಿ ಬರೀ ಮುಂದುಗಡೆ ಇದೆ, ಬೆನ್ನಲ್ಲಿ ಮಚ್ಚೆ ಇದೆ ಎಂದು ಇಡೀ ಸಾಲಿಗೆ ಸಾರಿಬಿಟ್ಟಳಂತೆ. ಮಾರನೆಯ ದಿನವೇ ಕ್ಲಾರಿಬೆಲ್ ಕುರ್ಚಿಯ ಹಿಂದೆ ಪರದೆ ಕಟ್ಟಿಸಿದಳು.

ಗಡ್ಡದಿಂದ ಎದ್ದ ಗಂದೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಡೆನ್ಸಿಯೊ ಇದನ್ನು ಊಟದ ಹೊತ್ತಿಗೆ ಹೇಳಿದ. ಸಲೂದ್ ನಕ್ಕಳು. ಅನ್ನದ ಬಟ್ಟಲು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊಮ್ಮಕ್ಕಳು ಬಾಯಿ ಬಿಟ್ಟು ನೋಡಿದರು. ಇದನ್ನು ಕೇಳಿದ್ದರೆ ಆಂಬೊ ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ. ಅದು ಹೊಳೆದದ್ದೇ ನಗು ನಿಂತುಹೋಯಿತು. ಆ ಮಾಲ್‌ನವರು ತನ್ನಿಂದ ಇದನ್ನೂ ಕಿತ್ತುಕೊಂಡರಲ್ಲ ಎಂದು ಅವಳಿಗೆ ಉರಿಯಿತು. ಉಳಿದ ಅನ್ನವನ್ನು ಗಬಗಬ ಉಂಡು ಎದ್ದಳು.

ಜನವರಿಯಲ್ಲಿ ಡೆನ್ಸಿಯೊಗೆ ಕೊಬ್ಬರಿ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಕೋಟನ್ನು ಅವನೇ ಒಯ್ದು ಕೊಟ್ಟು ಬಂದ. ಮುಂದಿನ ಸಲ ಯಾರ ಪಾಲಿಗೋ ಎಂದು ಲಿಗಾಯಾ ಅಂದಾಗ ಸಲೂದ್ ಅಕ್ಕಿ ನೆನೆಹಾಕುತ್ತಿದ್ದಳು.

"ಯಾರಾದ್ರೂ ಹಾಕ್ಕೊಳ್ಳಲಿ" ಎಂದಳು. "ಬೆನ್ನಂತೂ ತಣ್ಣಗಿರತ್ತೆ."