ಮಗುಚಿದ ಮೊಟ್ಟೆಗಳು

ಕಾವಿಗೆ ಕೂತ ಹೇಂಟೆಗೆ ಕೋಳಿಯಮ್ಮ ನೀರಿಡುತ್ತಿದ್ದಳು. ಊರಿನವರು ಆಕೆಯನ್ನು ಕರೆಯುತ್ತಿದ್ದುದೇ ಹಾಗೆ. ಆಕೆ ಇಟ್ಟ ಕಾವು ಕೆಡುವುದಿಲ್ಲ ಎಂಬ ಹೆಸರಿತ್ತು. ಅಷ್ಟರಲ್ಲಿ ಬಟ್ಟೆ ಹೊಲಿಯುವ ನಾದಿನಿ, ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿರಲು, ಏದುಸಿರು ಬಿಡುತ್ತ ಬಂದಳು.

"ಅತ್ತಿಗೆ, ಬುಟ್ಟಿ ಕೊಡಿ! ಮೊನ್ನೆ ಕಡಲಾಮೆ ಮೊಟ್ಟೆಯಿಟ್ಟು ಹೋಯ್ತಲ್ಲ, ಆ ಗೂಡನ್ನ ನಾಯಿಗಳು ಕೆದರ್ತಾ ಇವೆ."

"ಓಡಿಸಿದ್ಯಾ?"

"ಓಡಿಸೋಕೆ ಹೋದೆ, ಒಂದು ನನ್ನನ್ನೇ ಓಡಿಸ್ತು! ಎತ್ತಿ ತಂದುಬಿಡೋಣ, ಹೋದ ವರ್ಷ ನೀವು ತಂದ ಹಾಗೆ. ದಿನಾ ಮಗುಚೋ ಕೆಲಸ ನಂಗಿರಲಿ."

"ಬೇಡ. ಮುಟ್ಟಬೇಡ."

"ಯಾಕೆ? ಬಂದ ಹೆಸರನ್ನ ಹಂಚ್ಕೊಳ್ಳೋಕೆ ಮನಸ್ಸಿಲ್ವಾ?"

ಕೋಳಿಯಮ್ಮ ಮೆಟ್ಟಿಲ ಮೇಲೆ ಕೂತಳು. ಹೋದ ವರ್ಷ ನಾಯಿಗಳ ಬಾಯಿಂದ ಉಳಿಸಿ ತಂದ ಮೊಟ್ಟೆಗಳನ್ನು ಮರಳು ತುಂಬಿದ ಡಬ್ಬದಲ್ಲಿಟ್ಟು, ಹೇಂಟೆ ಮಾಡುವಂತೆಯೇ, ದಿನವೂ ದೇವರನ್ನು ನೆನೆದು ಒಂದೊಂದನ್ನೂ ಮಗುಚಿದ್ದಳು. ದಿನ ಮೀರಿದರೂ ಮರಳು ಅಲುಗಲಿಲ್ಲ. ಒಂದನ್ನು ಒಡೆದು ನೋಡಿದಾಗ ನಾತ ಬಡಿಯಿತು. ಎಲ್ಲವನ್ನೂ ಹಿತ್ತಲಲ್ಲಿ ಹೂತು, ಮರಿಗಳು ಕಡಲು ಸೇರಿದವು ಎಂದು ಕೇಳಿದವರಿಗೆಲ್ಲ ಹೇಳಿದಳು. ಜನ ಕೊಂಡಾಡಿದರು. ದೇವರೆದುರು ಕಣ್ಣು ಮುಚ್ಚಿದರೆ ಮಾತ್ರ ಆ ಬಿಳಿ ಮೊಟ್ಟೆಗಳೇ ಕಾಣುತ್ತಿದ್ದವು.

"ಒಂದೂ ಮರಿಯಾಗ್ಲಿಲ್ಲ ಕಣೇ," ಎಂದಳು. "ತೀರದ ಕಾವಲುಗಾರ ಆಮೇಲೆ ಹೇಳಿದ. ಆಮೆಮರಿ ಮೊಟ್ಟೆ ಚಿಪ್ಪಿಗೆ ಒಳಗಿಂದ ಅಂಟ್ಕೊಂಡೇ ಬೆಳೆಯತ್ತಂತೆ. ಮಗುಚಿದ್ರೆ ಸತ್ತುಹೋಗತ್ತಂತೆ. ಕೋಳಿ ಬುದ್ಧಿಯನ್ನ ಕಡಲಿಗೆ ಹೇಳೋಕೆ ಹೋದೆ. ನಾನೇ ಕೊಂದೆ."

ನಾದಿನಿಯ ಮುಖ ಬಿಳಿಚಿತು. "ಆಗಲೇ ಬಾಯಿ ಬಿಡಬಾರದಿತ್ತಾ ಅತ್ತಿಗೆ? ಹೊಲಿಸೋಕೆ ಬಂದೋರಿಗೆಲ್ಲ ನಿಮ್ಮದೇ ಕಥೆ ಹೇಳಿದೀನಿ. ಅದನ್ನ ಕೇಳಿ ಬೇಕರಿಯವರು ಒಂದು ಗೂಡನ್ನೇ ತಂದಿಟ್ಟಿದಾರೆ. ದಿನಾ ಮಗುಚ್ತಿದಾರೆ."

ಕೋಳಿಯಮ್ಮ ಎದ್ದು ಕೋಳಿಗೂಡಿನ ತಂತಿಬಲೆಯನ್ನು ಬಿಚ್ಚಿದಳು. ತೀರದಲ್ಲಿ ಇಬ್ಬರೂ ನಾಯಿಗಳನ್ನು ಅಟ್ಟಿ, ಕೆದರಿದ ಮರಳನ್ನು ಮೆಲ್ಲಗೆ ಮುಚ್ಚಿ, ಗೂಡಿನ ಮೇಲೆ ಬಲೆ ಹಾಸಿ ಸುತ್ತ ಗೂಟ ಹೊಡೆದರು. ಕಾವಲುಗಾರನಿಗೆ ಸುದ್ದಿ ಮುಟ್ಟಿಸಲು ನಾದಿನಿ ಹೊರಟಳು. ಕೋಳಿಯಮ್ಮ ಬೇಕರಿಯ ಕಡೆ ನಡೆದಳು.

ಬ್ರೆಡ್ಡಿಗೆ ನಿಂತ ಜನರ ನಡುವಿನಿಂದ ಬೇಕರಿಯವನು ಕೂಗಿದ: "ಬನ್ನಿ ಕೋಳಿಯಮ್ಮ! ನಿಮ್ಮ ದಾರೀಲೇ ನಡೀತಿದೀನಿ. ನಲವತ್ತು ದಿನ ಆಯ್ತು, ಒಂದು ದಿನಾನೂ ತಪ್ಪಿಸಿಲ್ಲ. ನೋಡಿ!"

ಆತ ಒಲೆಯ ಪಕ್ಕದ ಡಬ್ಬದ ಮರಳನ್ನು ಸರಿಸಿದ. ಮೊಟ್ಟೆಗಳು ಮಂಕಾಗಿ, ಕುಗ್ಗಿ ಹೋಗಿದ್ದವು. ಆತನ ಕಣ್ಣಲ್ಲಿ ಮಾತ್ರ ಹಬ್ಬ.

"ನನ್ನವು ಮರಿಯಾಗಿರಲಿಲ್ಲಪ್ಪಾ," ಎಂದಳು ಕೋಳಿಯಮ್ಮ. "ಸುಳ್ಳು ಹೇಳಿದ್ದೆ."

ಆತನ ಕೈ ಮರಳಿನಲ್ಲೇ ನಿಂತಿತು. ಹಿಂದಿನಿಂದ ಯಾರೋ, "ಏನಂದ್ರು?" ಎಂದರು.

ಆಕೆ ಜನರ ಕಡೆಗೆ ತಿರುಗಿ, ಬಾಗಿಲ ಹೊರಗಿದ್ದವರಿಗೂ ಕೇಳುವಂತೆ, ಅದನ್ನೇ ಇನ್ನೊಮ್ಮೆ ಹೇಳಿದಳು.